ಹೊಸ ಕಾಲದ ದಪ್ಪ ಅಕ್ಷರ ಮತ್ತು ನಮ್ಮ ವಾಚನಾಲಯದ ಫಲಕ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾರ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಗುಮಾಸ್ತೆ ಕೆಲಸ ಮಾಡುವವರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ಪುಸ್ತಕದ ವಹಿ ಬರೆಯುವವರು. ಕಾವ್ಯ, ಛಂದಸ್ಸು ಎಂದಿದ್ದರೆ ಖಂಡಿತ ಕೈಮುಗಿದು ಬಿಡುತ್ತಿದ್ದೆವು. ಆದರೆ ಇವತ್ತಿನ ವಿಷಯ ಅಕ್ಷರದ ಆಕಾರ. ಅಕ್ಷರ ಓದಬಲ್ಲವರೆಲ್ಲರ ಆಸ್ತಿ. ಅದರ ಮೇಲೆ ಗುಮಾಸ್ತರಿಗೂ ಒಂದು ಹಕ್ಕುಂಟು ಎಂಬ ಧೈರ್ಯದಿಂದ ನಿಂತಿದ್ದೇವೆ.

ವಿಷಯ ಎಲ್ಲರಿಗೂ ತಿಳಿದದ್ದೇ. ನಮ್ಮ ವಾಚನಾಲಯದ ಹೊರಗಿನ ಫಲಕದ ಬಣ್ಣ ಹೋಗಿದೆ. ಹೊಸದಾಗಿ ಬರೆಸಬೇಕು. ತರುಣರು ಗಣಕಯಂತ್ರದಲ್ಲಿ ಒಂದು ಮಾದರಿ ಸಿದ್ಧಪಡಿಸಿ ತಂದರು. ಅಕ್ಷರಗಳು ದಪ್ಪವಾಗಿ, ಕಂಪಾಸು ಮತ್ತು ಅಡಿಪಟ್ಟಿ ಹಿಡಿದು ಎಳೆದ ಹಾಗೆ, ಎಲ್ಲೆಲ್ಲೂ ಒಂದೇ ಗಾತ್ರದ ಗೆರೆಯಲ್ಲಿವೆ. ಮುಂದಿನ ಶತಮಾನದ ವಿಮಾನದ ಮೇಲೆ ಬರೆದಂತಿವೆ. ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, "ಇದು ಕನ್ನಡವೋ, ಮೋಟಾರಿನ ಬಿಡಿಭಾಗವೋ?" ಎಂದರು. ತರುಣರು, "ಹಳೆಯ ಅಕ್ಷರ ನೋಡಿದರೆ ಇದು ಮುದುಕರ ಜಾಗ ಎಂದು ನಮ್ಮ ವಯಸ್ಸಿನವರು ಒಳಗೇ ಬರುವುದಿಲ್ಲ" ಎಂದರು. ಎರಡು ಮಾತಿನಲ್ಲೂ ತಥ್ಯವಿದೆ. ಆದ್ದರಿಂದ ಈ ಅಕ್ಷರ ಎಲ್ಲಿಂದ ಬಂತು, ನಮಗೆ ಒಗ್ಗುವುದೇ, ಒಗ್ಗುವುದಾದರೆ ಯಾವ ಕಟ್ಟಳೆಯಲ್ಲಿ ಎಂಬುದನ್ನು ಸಮಾಧಾನವಾಗಿ ನೋಡೋಣ.

ಇಂಗ್ಲಿಷ್ ಪುಸ್ತಕದ ಅಚ್ಚನ್ನು ತಾವು ಗಮನಿಸಿರಬಹುದು. ಗೆರೆಯ ತುದಿಯಲ್ಲಿ ಚಿಕ್ಕ ಪಾದದಂಥ ಅಡ್ಡಗೆರೆ ಇರುತ್ತದೆ. ಅದಕ್ಕೆ ಸೆರಿಫ್ ಎನ್ನುತ್ತಾರೆ. ಆ ಪಾದವಿಲ್ಲದ ಬೋಳು ಅಕ್ಷರ ಸಾನ್ಸ್ ಸೆರಿಫ್. ಲಂಡನ್ನಿನ ವಿಲಿಯಂ ಕ್ಯಾಸ್ಲನ್ ಎಂಬ ನಾಲ್ಕನೆಯ ತಲೆಮಾರಿನ ಅಚ್ಚಿನ ಮೊಳೆಯ ವ್ಯಾಪಾರಿ ೧೮೧೬ರಲ್ಲಿ ಇಂಥ ಅಕ್ಷರದ ಮೊದಲ ಮೊಳೆಯ ಮಾದರಿಯನ್ನು ಮುದ್ರಿಸಿ ತೋರಿಸಿದ. ಆ ಬಳಿಕ ಅದು ಜಾಹೀರಾತುಗಳಿಗೆ, ಅಂಗಡಿ ಫಲಕಗಳಿಗೆ ಬಳಕೆಯಾಯಿತು.

ಕಂಪಾಸಿನ ಅಕ್ಷರದ ಹುಚ್ಚು ಹಿಡಿದದ್ದು ಮೊದಲನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ. ಹಳೆಯದೆಲ್ಲ ಕುಸಿದು ಬಿದ್ದಿತ್ತು; ಮನೆ, ಕುರ್ಚಿ, ಬಟ್ಟಲು, ಅಕ್ಷರ ಎಲ್ಲವನ್ನೂ ಬುಡದಿಂದ ಹೊಸದಾಗಿ ಮಾಡೋಣ ಎಂದು ಕೆಲವರು ಹೊರಟರು. ಬೌಹೌಸ್ ಎಂಬ ಕಲಾಶಾಲೆಯ ಹರ್ಬರ್ಟ್ ಬೇಯರ್ ೧೯೨೫ರಲ್ಲಿ ವೃತ್ತ ಮತ್ತು ಸರಳರೇಖೆಗಳಿಂದಲೇ ಒಂದು ಅಕ್ಷರಮಾಲೆಯನ್ನು ರಚಿಸಿದರು. ೧೯೨೭ರಲ್ಲಿ ಫ್ರಾಂಕ್‌ಫರ್ಟಿನ ಬೌವರ್ ಮೊಳೆ ಕಾರ್ಖಾನೆಯಿಂದ ಪಾಲ್ ರೆನ್ನರ್ ಅವರ 'ಫ್ಯೂಚುರಾ' ಹೊರಬಂತು. ಹೆಸರಿನ ಅರ್ಥವೇ ಭವಿಷ್ಯ. ಅದರ ಮೇಲೆ ಎರಡನೆಯ ಮಹಾಯುದ್ಧ ಕಳೆದು ೧೯೫೨ರಲ್ಲಿ ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ ಚೌಕದ ಮೂಲೆ ಸವೆಸಿದಂಥ 'ಮೈಕ್ರೊಗ್ರಾಮ'ವೂ, ೧೯೬೨ರಲ್ಲಿ ಅದರ ತಮ್ಮನಂಥ 'ಯೂರೋಸ್ಟೈಲ್' ಕೂಡ ಬಂದವು. ೧೯೬೯ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಅಲ್ಲಿ ಬಿಟ್ಟುಬಂದ ಉಕ್ಕಿನ ಫಲಕದ ಮೇಲೆ ಕೊರೆದ ಅಕ್ಷರ ಫ್ಯೂಚುರಾವೇ. ಅಂದ ಮೇಲೆ ನಮ್ಮ ಹುಡುಗರು ಇದನ್ನು ಮುಂದಿನ ಕಾಲದ ಅಕ್ಷರ ಎಂದು ಭಾವಿಸಿದರೆ ಅದು ಅವರ ತಪ್ಪಲ್ಲ; ಚಂದ್ರನೇ ಸಾಕ್ಷಿ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರೆನ್ನರ್ ಮೊದಮೊದಲು ಬರೆದ ಎಷ್ಟೋ ವಿಚಿತ್ರ ಆಕಾರಗಳು ಕೊನೆಯ ಅಚ್ಚಿನಲ್ಲಿ ಉಳಿಯಲಿಲ್ಲ. ಗೆರೆಗೆ ಗೆರೆ ಕೂಡುವ ಕಡೆ ಅವರು ಗೆರೆಯನ್ನು ಸ್ವಲ್ಪ ಸಣ್ಣ ಮಾಡಿದರು. ಯಾಕೆಂದರೆ ಅಡಿಪಟ್ಟಿಯಲ್ಲಿ ಸರಿಯಾದದ್ದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎರಡು ಗೆರೆ ಕೂಡಿದಲ್ಲಿ ಮಸಿ ಗಟ್ಟಿ ಕಟ್ಟಿದ ಹಾಗೆ ತೋರುತ್ತದೆ. ಭವಿಷ್ಯದ ಅಕ್ಷರ ಮಾಡಿದವರೂ ಕೊನೆಗೆ ಓದುವವನ ಕಣ್ಣಿಗೆ ತಲೆಬಾಗಿದರು ಎಂಬುದು ನಮಗೆ ಮೊದಲನೆಯ ಪಾಠ.

ಇನ್ನು, ಇದು ಪರದೇಶದ ವೇಷ, ನಮಗೇಕೆ ಎಂಬ ಮಾತು. ಈ ಮಾತನ್ನು ಒಪ್ಪುವ ಮೊದಲು ರಾಯಚೂರು ಜಿಲ್ಲೆಯ ಮಸ್ಕಿಗೆ ಒಮ್ಮೆ ಹೋಗಿ ಬರೋಣ. ನಮ್ಮಲ್ಲಿ ಅನೇಕರ ಹಿರಿಯರ ಊರು ಆ ಸೀಮೆಯೇ. ೧೯೧೫ರಲ್ಲಿ ಬೀಡನ್ ಎಂಬ ಎಂಜಿನಿಯರು ಚಿನ್ನದ ಅದಿರು ಹುಡುಕುತ್ತ ಅಲ್ಲಿ ಒಂದು ಬಂಡೆಯ ಮೇಲೆ ಬರಹವನ್ನು ಕಂಡರು. ಅದು ಅಶೋಕ ಚಕ್ರವರ್ತಿಯ ಶಾಸನ. 'ದೇವಾನಾಂಪ್ರಿಯ'ನೆಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಶಾಸನ. ಮಸ್ಕಿ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಹೊಸದಾಗಿ ಹುಟ್ಟಿದ್ದ ಹೈದರಾಬಾದು ಪುರಾತತ್ವ ಇಲಾಖೆ ತನ್ನ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದ್ದು ಆ ಶಾಸನವನ್ನೇ; ಅದನ್ನು ಸಿದ್ಧಪಡಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ.

ಆ ಬ್ರಾಹ್ಮಿಯ ಅಕ್ಷರಗಳು ಹೇಗಿವೆ? ಕಕಾರ ಎಂದರೆ ಕೂಡುವ ಲೆಕ್ಕದ ಚಿಹ್ನೆ. ಠಕಾರ ಒಂದು ವೃತ್ತ. ಥಕಾರ ವೃತ್ತದ ನಡುವೆ ಒಂದು ಚುಕ್ಕೆ. ಬಕಾರ ಒಂದು ಚೌಕ. ಗಕಾರ ಮನೆಯ ಮಾಡಿನಂತೆ ಎರಡು ಓರೆಗೆರೆ. ನಕಾರ ನೆಲದ ಗೆರೆಯ ಮೇಲೆ ನೆಟ್ಟ ಒಂದು ಕಂಬ. ಪಾದವಿಲ್ಲ, ಕೊಂಬಿಲ್ಲ, ದಪ್ಪ ತೆಳುವಿನ ಭೇದವಿಲ್ಲ. ಜರ್ಮನಿಯ ಕಲಾಶಾಲೆಯವರು ಬಯಸಿದ್ದು ಇದೇ ಅಲ್ಲವೇ? ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ಬಂಡೆಯ ಮೇಲೆ ಅದು ಇತ್ತು. ಕನ್ನಡ ಲಿಪಿಯ ಮೂಲಪುರುಷ ಆ ಬ್ರಾಹ್ಮಿಯೇ.

ಮುಂದೆ ಬನ್ನಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಕದಂಬರ ಕಾಲದ ಕಂಬವಿದೆ. ಕ್ರಿಸ್ತಶಕ ಐದನೆಯ ಶತಮಾನದ ಆ ಬರಹದ ಅಕ್ಷರಗಳ ತಲೆಯ ಮೇಲೆ ಸಣ್ಣ ಪೆಟ್ಟಿಗೆಯಂಥ ಗುರುತು ಇರುವುದರಿಂದ ವಿದ್ವಾಂಸರು ಅದನ್ನು ಪೆಟ್ಟಿಗೆ ತಲೆಯ ಲಿಪಿ ಎಂದೇ ಕರೆಯುತ್ತಾರೆ. ಕನ್ನಡದ ಮೊದಲ ಶಾಸನಗಳಲ್ಲಿ ಹೆಸರಾದ ಹಲ್ಮಿಡಿಯ ಬರಹವೂ ಸುಮಾರು ಆ ಕಾಲದ್ದು. ಇಂದಿನ ನಮ್ಮ ದುಂಡಗಿನ ಅಕ್ಷರ ಅದರಲ್ಲಿ ಕಾಣುವುದಿಲ್ಲ. ಚಾಲುಕ್ಯ, ರಾಷ್ಟ್ರಕೂಟರ ಕಾಲದಲ್ಲಿ ಅಕ್ಷರ ಮೆಲ್ಲಮೆಲ್ಲನೆ ದುಂಡಾಗುತ್ತ ಹೋಯಿತು. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ; ಬಳಸಿ ಬರೆದರೆ ಉಳಿಯುತ್ತದೆ. ದುಂಡಗಾಗುವುದಕ್ಕೆ ಇದೊಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಹೀಗೆ ಕಲ್ಲು ಒಂದು ಆಕಾರ ಕೊಟ್ಟಿತು, ಗರಿ ಒಂದು ಆಕಾರ ಕೊಟ್ಟಿತು. ಆಮೇಲೆ ಸೀಸದ ಮೊಳೆ ಬಂತು. ೧೮೧೭ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. ೧೮೪೩ರ ಜುಲೈಯಲ್ಲಿ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟು, ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಯ ಅಚ್ಚಿನಲ್ಲಿ ಬರತೊಡಗಿತು. ಈಗ ಮೊಳೆಯೂ ಹೋಗಿ ಗಣಕಯಂತ್ರ ಬಂದಿದೆ. ಸಾಧನ ಬದಲಾದಾಗಲೆಲ್ಲ ಅಕ್ಷರ ಬದಲಾಗಿದೆ. ಬದಲಾವಣೆಯೇ ದ್ರೋಹ ಎನ್ನುವುದಾದರೆ ನಾವು ಇವತ್ತಿಗೂ ಬಂಡೆಯ ಮುಂದೆ ನಿಂತಿರಬೇಕಾಗುತ್ತಿತ್ತು.

ಇಷ್ಟು ಹೇಳಿದ್ದನ್ನು ಕೇಳಿ ತರುಣರು ಗೆದ್ದೆವೆಂದು ತಿಳಿಯಬಾರದು. ಈಗ ಹಿರಿಯರ ಪಕ್ಷದ ಮಾತು ಬರುತ್ತದೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ದೊಡ್ಡ ಅಂತರವಿದೆ. ನಮ್ಮಲ್ಲಿ ಅಂತರ ಬಹಳ ಕಡೆ ಒಂದು ಸಣ್ಣ ಸೀಳಿನಲ್ಲಿದೆ. ಬಾಲ್ಯದಲ್ಲಿ ಮಹಾಪ್ರಾಣ ಕಲಿಸುವಾಗ, ದಕಾರದ ಹೊಟ್ಟೆ ಸೀಳು, ಧಕಾರ ಆಯಿತು ಎನ್ನುತ್ತಿದ್ದರು. ಬ ಮತ್ತು ಭ, ಪ ಮತ್ತು ಫ, ಡ ಮತ್ತು ಢ ಇವೂ ಹಾಗೆಯೇ. ಗೆರೆಯನ್ನು ದಪ್ಪ ಮಾಡುತ್ತ ಹೋದರೆ ಆ ಸೀಳು ಮುಚ್ಚಿಕೊಳ್ಳುತ್ತದೆ. ಆಗ ಧನ ಹೋಗಿ ದನ ಉಳಿಯುತ್ತದೆ. ಭಾರಿ ಮಳೆ ಬಾರಿ ಮಳೆಯಾಗುತ್ತದೆ. ನಾವು ಬರೆಸಬೇಕೆಂದಿರುವ ಫಲಕ ಎಂಬ ಶಬ್ದವೇ ಸೀಳಿಲ್ಲದೆ ನಿಲ್ಲದು.

ಎರಡನೆಯದು ಒತ್ತು. ಇಂಗ್ಲಿಷ್ ಅಕ್ಷರಗಳು ಒಂದೇ ಅಂತಸ್ತಿನ ಮನೆಯ ಸಾಲಿನ ಹಾಗೆ. ಕನ್ನಡಕ್ಕೆ ನೆಲಮಾಳಿಗೆ ಬೇಕು. ರಾಷ್ಟ್ರ, ಲಕ್ಷ್ಮಿ, ಸ್ತ್ರೀ ಎಂದು ಬರೆದರೆ ಕೆಳಗೆ ಒಂದರ ಹಿಂದೆ ಒಂದು ಬಂದು ಕೂರುತ್ತವೆ. ಮೇಲಿನ ಅಕ್ಷರ ಆನೆಯ ಗಾತ್ರ ಮಾಡಿ, ಕೆಳಗಿನ ಒತ್ತನ್ನು ಇರುವೆಯ ಹಾಗೆ ಬಿಟ್ಟರೆ ದೂರದಿಂದ ಒತ್ತು ಕಾಣುವುದೇ ಇಲ್ಲ. ಬೇರೆ ಶಬ್ದ ಯಾಕೆ, ಕನ್ನಡ ಎಂಬ ಶಬ್ದದ ನಡುವೆಯೇ ಒಂದು ಒತ್ತು ಇದೆ. ಅದು ಮಸುಕಾದರೆ ನಮ್ಮ ಭಾಷೆಯ ಹೆಸರೇ ಕನಡವಾದೀತು.

ಮೂರನೆಯದು ಅಕ್ಷರದ ಒಳಗಿನ ಬಯಲು. ಇದನ್ನು ನಾವು ಗಿರಣಿಯಲ್ಲಿ ಕಣ್ಣಾರೆ ಕಂಡವರು. ನೂಲಿನ ಬೇಲುಗಳ ಮೇಲೆ ಗುರುತು, ನಂಬರು ಹಾಕುವುದಕ್ಕೆ ಅಕ್ಷರ ಕತ್ತರಿಸಿದ ತಗಡು ಇರುತ್ತದೆ. ತಗಡನ್ನು ಬೇಲಿನ ಮೇಲಿಟ್ಟು ಕುಂಚದಿಂದ ಮಸಿ ಹೊಡೆಯುವುದು. ಸೊನ್ನೆಯನ್ನು ಪೂರ್ತಿ ಕತ್ತರಿಸಿದರೆ ನಡುವಿನ ತುಂಡು ಉದುರಿ ಹೋಗುತ್ತದೆ. ಆದ್ದರಿಂದ ಎರಡು ಕಡೆ ಸೇತುವೆ ಬಿಟ್ಟು ಕತ್ತರಿಸಬೇಕು. ಒಮ್ಮೆ ಚೆಂದ ಕಾಣಲೆಂದು ಬಹಳ ದಪ್ಪದ ಅಂಕಿಗಳ ತಗಡು ಮಾಡಿಸಿದರು. ಮಸಿ ಒಸರಿ ಇಂಗ್ಲಿಷಿನ ಮೂರರ ಬಾಯಿ ಮುಚ್ಚಿ ಎಂಟಾಯಿತು. ಮೂರನೆಯ ನಂಬರಿನ ಮಾಲು ಎಂಟರ ರಾಶಿಗೆ ಸೇರಿ, ಎರಡು ದಿನ ಗೋದಾಮು ತಲೆಕೆಳಗಾಯಿತು. ಆ ಮೇಲೆ ತೆಳು ಗೆರೆಯ ಹಳೆಯ ತಗಡೇ ಮರಳಿ ಬಂತು. ಅಕ್ಷರದ ಚೆಲುವು ಮಸಿಯಲ್ಲಿ ಎಷ್ಟೋ, ಮಸಿ ಇಲ್ಲದ ಬಯಲಿನಲ್ಲೂ ಅಷ್ಟೇ ಎಂದು ಹಮಾಲರಿಗೂ ತಿಳಿಯಿತು. ನಮ್ಮ ಘಕಾರ, ಕ್ಷಕಾರಗಳ ಒಳಗೆ ಗಾಳಿಯಾಡುವ ಜಾಗ ಇಡದಿದ್ದರೆ ಅವು ಮಸಿಯ ಮುದ್ದೆಗಳಾಗುತ್ತವೆ.

ನಾಲ್ಕನೆಯದು ತಲೆಕಟ್ಟು. ಹೈದರಾಬಾದಿನಲ್ಲಿ ಇರುವ ನಮಗೆ ಇದು ವಿಶೇಷ. ತೆಲುಗು, ಕನ್ನಡ ಲಿಪಿಗಳು ಒಂದೇ ತಾಯಿಯ ಮಕ್ಕಳು. ಬಹುಕಾಲ ಒಂದೇ ಮನೆಯಲ್ಲಿ ಬೆಳೆದವು. ಇಂದೂ ಎಷ್ಟೋ ಅಕ್ಷರಗಳ ದೇಹ ಒಂದೇ, ತಲೆಯ ಮೇಲಿನ ಕಟ್ಟು ಮಾತ್ರ ಬೇರೆ. ಅವರದು ಸರಿ ಗುರುತಿನ ಹಾಗೆ ಓರೆಯಾಗಿ ನಿಂತದ್ದು. ನಮ್ಮದು ಅಡ್ಡವಾಗಿ ಹರಿದು ತುದಿಯಲ್ಲಿ ಬಾಗಿದ್ದು. ತೆಲಂಗಾಣದಲ್ಲಿ ೨೦೧೮ರ ಕಾನೂನಿನಿಂದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಯಿತು. ನಮ್ಮ ಮಕ್ಕಳು ತೆಲುಗು ಓದಬಲ್ಲರು. ಅದು ಸಂತೋಷದ ವಿಷಯ, ನೆರೆಯ ಭಾಷೆ ಬಂದರೆ ನಷ್ಟವಿಲ್ಲ. ಆ ತೆಲುಗಿನ ಮೆಟ್ಟಿಲಿನಿಂದಲೇ ಕನ್ನಡಕ್ಕೆ ಹತ್ತಿಸುವುದು ಸುಲಭವೂ ಹೌದು. ಆದರೆ ಹೊಸ ಮಾದರಿಯ ಹೆಸರಿನಲ್ಲಿ ತಲೆಕಟ್ಟನ್ನು ಕತ್ತರಿಸಿ ಬೋಳು ಮಾಡಿದರೆ, ಮಗು ಇದು ಯಾವ ಭಾಷೆಯ ಫಲಕ ಎಂದೇ ತಬ್ಬಿಬ್ಬಾಗುತ್ತದೆ. ಜೋಡಿ ಮಕ್ಕಳನ್ನು ತಾಯಿ ಗುರುತಿಸುವ ಮಚ್ಚೆಯನ್ನು ಅಳಿಸಬಾರದು.

ಇದೇ ಊರಿನ ಉರ್ದು ಬಲ್ಲ ಸೋದರರಿಂದಲೂ ಒಂದು ಮಾತು ಕಲಿಯಬಹುದು. ಅವರ ನಸ್ತಾಲಿಕ್ ಬರಹ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಹರಿಯುವಂಥದು. ಸೀಸದ ಮೊಳೆಗೆ ಸುಲಭವಾಗಿ ಬಗ್ಗದು. ಮೊಳೆಗೆ ಒಗ್ಗುವ ನಸ್ಖ್ ಎಂಬ ಬೇರೆ ಬರಹವಿತ್ತು. ಆದರೂ ಓದುಗರ ಕಣ್ಣು ಅದಕ್ಕೆ ಒಲಿಯಲಿಲ್ಲ. ೧೯೪೯ರಲ್ಲಿ ಇಲ್ಲಿ ಆರಂಭವಾದ 'ಸಿಯಾಸತ್' ಪತ್ರಿಕೆಯೂ ದಶಕಗಳ ಕಾಲ ಕಾತಿಬರ ಕೈಬರಹದಲ್ಲೇ ಹೊರಟಿತು. ೧೯೮೧ರಲ್ಲಿ 'ನೂರಿ ನಸ್ತಾಲಿಕ್' ಎಂಬ ಯಂತ್ರದ ಅಕ್ಷರ ಬಂದ ಮೇಲೆಯೇ ದಾರಿ ತೆರೆಯಿತು. ಯಂತ್ರಕ್ಕೆ ಬೇಕೆಂದು ಲಿಪಿಯನ್ನು ಮುರಿಯದೆ, ಯಂತ್ರ ಲಿಪಿಯ ಬಳಿಗೆ ಬರುವವರೆಗೆ ಅವರು ಕಾದರು. ಇದು ಎರಡನೆಯ ಪಾಠ.

ನಾವು ಅಷ್ಟು ಕಾಯಬೇಕಾಗಿಲ್ಲ. ಸೀಸದ ಕಾಲದಲ್ಲಿ ಕನ್ನಡದ ಒಂದು ಹೊಸ ಮಾದರಿ ಮಾಡಬೇಕಾದರೆ ಕಾಗುಣಿತ, ಒತ್ತು ಎಂದು ನೂರಾರು ಮೊಳೆ ಎರಕ ಹೊಯ್ಯಬೇಕಿತ್ತು. ಅದಕ್ಕೇ ನಮ್ಮ ಪುಸ್ತಕಗಳಲ್ಲಿ ಬಹುಕಾಲ ಎರಡು ಮೂರು ಬಗೆಯ ಅಕ್ಷರ ಮಾತ್ರ ಕಾಣುತ್ತಿದ್ದವು. ೧೯೯೧ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತು. ೧೯೯೮ರಲ್ಲಿ 'ಬರಹ' ಬಂತು, ಬಳಿಕ 'ನುಡಿ' ಬಂತು. ಈಗ ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾದ ಅಕ್ಷರಗಳೂ ಇವೆ. ಮುಂಬಯಿಯ 'ಏಕ್ ಟೈಪ್' ಎಂಬ ಬಳಗದವರು ಮಾಡಿದ 'ಬಾಲೂ' ಎಂಬ ದಪ್ಪ ಅಕ್ಷರದ ಕುಟುಂಬವೊಂದಿದೆ. ಅದರ ಕನ್ನಡದ ಹೆಸರು 'ಬಾಲೂ ತಮ್ಮ', ತೆಲುಗಿನದು 'ಬಾಲೂ ತಮ್ಮುಡು', ತಮಿಳಿನದು 'ಬಾಲೂ ತಂಬಿ', ಉರ್ದುವಿನದು 'ಬಾಲೂ ಭಾಯಿಜಾನ್'. ಹೆಸರು ಕೇಳಿದರೆ ನಮ್ಮ ಓಣಿಯ ಹುಡುಗರನ್ನೇ ಸಾಲಾಗಿ ನಿಲ್ಲಿಸಿದ ಹಾಗಿದೆ. ಅದು ಕಂಪಾಸಿನಷ್ಟು ಕಠಿಣವಲ್ಲ. ದಪ್ಪವಾಗಿದ್ದರೂ ಕೊನೆಗಳು ದುಂಡಗೆ. ಅದೇ ಬಳಗದ 'ಅನೇಕ್ ಕನ್ನಡ'ದಲ್ಲಿ ಗೆರೆಯನ್ನು ಸಣಕಲಿನಿಂದ ದಪ್ಪದವರೆಗೆ, ಅಕ್ಷರವನ್ನು ಇಕ್ಕಟ್ಟಿನಿಂದ ಅಗಲದವರೆಗೆ ನಮಗೆ ಬೇಕಾದಷ್ಟು ಹೊಂದಿಸಬಹುದು. ಆದ್ದರಿಂದ ತರುಣರು ತಂದ ಒಂದೇ ಮಾದರಿಗೆ ಹೌದು ಅಥವಾ ಅಲ್ಲ ಎಂದು ಕಾದಾಡುವ ಅಗತ್ಯವಿಲ್ಲ.

ಮಹಾಶಯರೇ, ಒಂದು ಫಲಕಕ್ಕೆ ಇಷ್ಟು ಚರ್ಚೆಯೇ ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನಲ್ಲಿ ಆಗಿದ್ದರೆ ಬೇಕಿರಲಿಲ್ಲ. ಅಲ್ಲಿ ಬೀದಿಯ ತುಂಬ ಕನ್ನಡವಿದೆ; ಬಸ್ಸು, ಅಂಗಡಿ, ಮೆಟ್ರೋ ನಿಲ್ದಾಣ ಎಲ್ಲವೂ ಮಗುವಿಗೆ ಅಕ್ಷರ ಕಲಿಸುತ್ತವೆ. ಇಲ್ಲಿ ನಮ್ಮ ಮನೆಯ ಮಗು ಶಾಲೆಗೆ ಹೋಗಿ ಬರುವ ದಾರಿಯಲ್ಲಿ ಕಾಣುವ ಕನ್ನಡ ಅಕ್ಷರ ಎಷ್ಟು? ಕೆಲವು ಮಕ್ಕಳಿಗೆ ನಮ್ಮ ಫಲಕವೊಂದೇ. ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬಾರದು. ಅಜ್ಜಿಯ ಕೈ ಹಿಡಿದು ಈ ಮೆಟ್ಟಿಲು ಹತ್ತುವಾಗ ಆ ಮಗು ತಲೆಯೆತ್ತಿ ನೋಡುವ ಅಕ್ಷರ ಅದರ ವರ್ಣಮಾಲೆ. ಅದು ತಪ್ಪಾಗಿ ಕಂಡರೆ ತಪ್ಪಾಗಿಯೇ ಕಲಿಯುತ್ತದೆ. ಇನ್ನೊಂದು ಕಡೆ, ಪೊರೆ ಬಂದ ಕಣ್ಣಿನಿಂದ ನಿತ್ಯ ಸಂಜೆ ಬರುವ ಹಿರಿಯರಿದ್ದಾರೆ. ಊರು ಬಿಟ್ಟು ಬಂದವರಿಗೆ ಬೀದಿಯಲ್ಲಿ ಕಾಣುವ ತಾಯ್ನುಡಿಯ ಒಂದು ಸಾಲು ಎಷ್ಟು ಹಿತವೆಂಬುದನ್ನು ಅವರನ್ನೇ ಕೇಳಬೇಕು. ಈ ಇಬ್ಬರಲ್ಲಿ ಯಾರನ್ನೂ ನಾವು ಹೊರಗೆ ನಿಲ್ಲಿಸುವಂತಿಲ್ಲ.

ಆದ್ದರಿಂದ ಸಮಿತಿಯ ಮುಂದೆ ನಮ್ಮ ಅರಿಕೆ ಇಷ್ಟು. ದಪ್ಪ ಅಕ್ಷರವೇ ಇರಲಿ; ರಸ್ತೆಯಾಚೆಯಿಂದ ಕಾಣಬೇಕಾದ ಫಲಕಕ್ಕೆ ದಪ್ಪ ಬೇಕು. ಆದರೆ ದಪ್ಪ ಹಾಳತವಾಗಿರಲಿ. ಸೀಳು ತೆರೆದಿರಲಿ, ಒತ್ತು ಮೇಲಿನ ಅಕ್ಷರದ ಅರ್ಧಕ್ಕಿಂತ ಕಡಿಮೆಯಾಗದಿರಲಿ, ತಲೆಕಟ್ಟು ಉಳಿಯಲಿ. ಬರೆಸುವ ಮೊದಲು ಎರಡು ಮೂರು ಮಾದರಿಗಳನ್ನು ಕಾಗದದ ಮೇಲೆ ದೊಡ್ಡದಾಗಿ ತೆಗೆಸಿ ಬಾಗಿಲಿಗೆ ಅಂಟಿಸೋಣ. ರಸ್ತೆಯ ಆಚೆ ಬದಿಯಲ್ಲಿ, ದೀಪ ಹತ್ತುವ ಹೊತ್ತಿಗೆ, ಕಾಗುಣಿತ ಈಗ ತಾನೇ ಕಲಿಯುತ್ತಿರುವ ಒಂದು ಮಗುವನ್ನೂ ಎಪ್ಪತ್ತು ದಾಟಿದ ಒಬ್ಬ ಹಿರಿಯರನ್ನೂ ನಿಲ್ಲಿಸಿ ಓದಿಸೋಣ. ಸಂಘದ ಹೆಸರಿನ ಕೆಳಗೆ ಪರೀಕ್ಷೆಗೆಂದು ದನ, ಧನ ಎರಡನ್ನೂ ಬರೆದಿಡೋಣ. ಇಬ್ಬರೂ ತಡವರಿಸದೆ ಓದಿದ ಮಾದರಿಯನ್ನೇ ಬರೆಸೋಣ. ಅದು ತರುಣರದೋ ಹಿರಿಯರದೋ ಎಂದು ಕೇಳುವುದು ಬೇಡ. ಒಳಗಿನ ಸೂಚನೆಗಳು, ಪುಸ್ತಕದ ಪಟ್ಟಿ, ವಾರದ ಪ್ರಕಟಣೆ ಇವು ಹತ್ತಿರದಿಂದ, ಹೊತ್ತು ತೆಗೆದುಕೊಂಡು ಓದುವಂಥವು. ಅವಕ್ಕೆ ವಾಡಿಕೆಯ ಪುಸ್ತಕದ ಅಕ್ಷರವೇ ಇರಲಿ. ಕೂಗುವ ದನಿ ಬೇರೆ, ಮಾತನಾಡುವ ದನಿ ಬೇರೆ. ಮನೆಯೊಳಗೆ ಯಾರೂ ಕೂಗಿ ಮಾತನಾಡುವುದಿಲ್ಲ.

ಬಣ್ಣ ಬರೆಯುವ ಪೇಂಟರನ್ನೂ ಕರೆದು ಅವರ ಅಭಿಪ್ರಾಯ ಕೇಳಬೇಕೆಂದು ಸೂಚಿಸುತ್ತೇವೆ. ಯಾವ ಗೆರೆ ಮಳೆಗೆ ಕರಗುತ್ತದೆ, ಯಾವ ಮೂಲೆಯಲ್ಲಿ ಧೂಳು ಕೂರುತ್ತದೆ ಎಂಬುದು ನಮಗಿಂತ ಅವರಿಗೆ ಗೊತ್ತು. ಮುಂದಿನ ಭಾನುವಾರದೊಳಗೆ ಮಾದರಿಗಳನ್ನು ತೆಗೆಸುವ ಹೊಣೆಯನ್ನು ತರುಣರು ಹೊರಲಿ. ಅಂಟಿಸಲು ಗೋಂದು, ಏಣಿ ನಾವು ತರುತ್ತೇವೆ. ಓದಲು ಬರುವ ಹಿರಿಯರು ಯಾರೆಂದು ಈಗಲೇ ಹೆಸರು ಕೊಟ್ಟರೆ ಉಪಕಾರವಾಗುತ್ತದೆ.